ವಿಸಿಟ್ ವೀಸಾ ಮೇಲೆ ದುಡಿಯಲು ಹೋದವರು

2024ರಲ್ಲಿ ನಾಲ್ಕೇ ತಿಂಗಳ ಅಂತರದಲ್ಲಿ ಕಲಬುರಗಿ ಜಿಲ್ಲೆಗೆ ಪರದೇಶದಿಂದ ಎರಡು ಕೆಟ್ಟ ಸುದ್ದಿ ಬಂದವು. ಮೊದಲನೆಯದು ಫೆಬ್ರುವರಿಯಲ್ಲಿ. ಸೆಕ್ಯುರಿಟಿ, ಹೆಲ್ಪರ್ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಜಿಲ್ಲೆಯ ಮೂವರು ಯುವಕರು, ರಾಜ್ಯದ ಗಡಿಯಾಚೆಯ ನಾರಾಯಣಪೇಟೆ ಜಿಲ್ಲೆಯ ಇನ್ನೊಬ್ಬನ ಜೊತೆ ಉಕ್ರೇನ್ ಯುದ್ಧಭೂಮಿಯಲ್ಲಿ ಸಿಲುಕಿದ್ದರು. ಸೈನಿಕರ ಉಡುಪು ತೊಟ್ಟು, ತಮ್ಮನ್ನು ಮೋಸದಿಂದ ಇಲ್ಲಿಗೆ ತರಲಾಗಿದೆ, ಬಿಡಿಸಿಕೊಳ್ಳಿ ಎಂದು ಬೇಡಿಕೊಳ್ಳುವ ಅವರ ವಿಡಿಯೊ ದೇಶದ ತುಂಬ ಹರಿದಾಡಿತು. ಎರಡನೆಯದು ಜೂನ್ 12ರಂದು. ಕುವೈತ್‌ನ ಮಂಗಫ್ ಪ್ರದೇಶದಲ್ಲಿ ಕಾರ್ಮಿಕರು ವಾಸವಿದ್ದ ಕಟ್ಟಡಕ್ಕೆ ಬೆಳಗಿನ ಜಾವ ಬೆಂಕಿ ಬಿತ್ತು. ಸತ್ತವರಲ್ಲಿ 45 ಮಂದಿ ಭಾರತೀಯರು. ಅವರಲ್ಲೊಬ್ಬರು ಆಳಂದ ತಾಲ್ಲೂಕಿನವರು.

ಎರಡೂ ದುರಂತಗಳೇ. ಆದರೆ ಇವುಗಳ ನಡುವೆ ಒಂದು ವ್ಯತ್ಯಾಸವಿದೆ. ಕುವೈತ್‌ನಲ್ಲಿ ಸತ್ತವರು ಒಂದು ಕಂಪನಿಯ ನೌಕರರಾಗಿದ್ದರು. ಅವರ ಹೆಸರು ಕಂಪನಿಯ ಪಟ್ಟಿಯಲ್ಲಿತ್ತು, ಆ ದೇಶದ ದಾಖಲೆಯಲ್ಲಿತ್ತು, ನಮ್ಮ ರಾಯಭಾರ ಕಚೇರಿಗೆ ಕೈಗೆಟುಕುವಂತಿತ್ತು. ಹೀಗಾಗಿ ಎರಡೇ ದಿನಗಳಲ್ಲಿ, ಜೂನ್ 14ರಂದು, ವಾಯುಪಡೆಯ ವಿಮಾನ 45 ಪಾರ್ಥಿವ ಶರೀರಗಳನ್ನು ಹೊತ್ತು ಕೊಚ್ಚಿಗೆ ಬಂದಿಳಿಯಿತು. ಅಲ್ಲಿ ಇಳಿಸಿದ 31ರಲ್ಲಿ ಕೇರಳದವು 23, ತಮಿಳುನಾಡಿನವು 7, ಕರ್ನಾಟಕದ್ದು 1. ಕೇಂದ್ರ ಸರ್ಕಾರ ಪ್ರತಿ ಕುಟುಂಬಕ್ಕೆ 2 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ರಷ್ಯಾಕ್ಕೆ ಹೋದವರು ಮಾತ್ರ ಪ್ರವಾಸಿಗರ ವೀಸಾದ ಮೇಲೆ ಹೋಗಿದ್ದರು. ಕಾಗದದ ಮಟ್ಟಿಗೆ ಅವರು ಮಾಸ್ಕೋ ನೋಡಲು ಹೋದ ಪ್ರವಾಸಿಗರು. ಅವರು ಎಲ್ಲಿದ್ದಾರೆ, ಯಾರ ಕೈಕೆಳಗಿದ್ದಾರೆ, ಯಾವ ಒಪ್ಪಂದಕ್ಕೆ ಸಹಿ ಹಾಕಿದ್ದಾರೆ ಎಂದು ಪತ್ತೆ ಮಾಡಿ ಬಿಡಿಸಿ ತರುವಷ್ಟರಲ್ಲಿ ಸೆಪ್ಟೆಂಬರ್ ಬಂದಿತ್ತು.

ಕೆಲಸದ ಪರವಾನಗಿ, ಅಂದರೆ ವರ್ಕ್ ಪರ್ಮಿಟ್, ಇದ್ದವನಿಗೂ ಇಲ್ಲದವನಿಗೂ ಇರುವ ಅಂತರ ಇದು. ಪರ್ಮಿಟ್ ಇದ್ದರೆ ಬೆಂಕಿ ಬೀಳುವುದಿಲ್ಲ ಎಂದಲ್ಲ. ಬಿದ್ದಾಗ ಕೇಳುವವರು ಇರುತ್ತಾರೆ, ಹೊಣೆ ಹೊರಬೇಕಾದವರ ಹೆಸರು ಕಾಗದದ ಮೇಲಿರುತ್ತದೆ.

ತೊಗರಿ ನಾಡಿನ ಗುಳೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಜನರಿಗೆ ಊರು ಬಿಟ್ಟು ದುಡಿಯುವುದು ಹೊಸದಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆಯ ಜಿಐ ಟ್ಯಾಗ್ ಸಿಕ್ಕಿದೆ, ದಾಲ್‌ಮಿಲ್‌ಗಳಿಗೆ ಹೆಸರಿದೆ. ಆದರೆ ತೊಗರಿ ಮಳೆಯಾಶ್ರಿತ ಬೆಳೆ. ಮುಂಗಾರಿನಲ್ಲಿ ಬಿತ್ತಿದರೆ ರಾಶಿಯಾಗುವುದು ಡಿಸೆಂಬರ್–ಜನವರಿಗೆ. ಮಳೆ ಕೈಕೊಟ್ಟರೆ, ನೆಟೆರೋಗ ಬಂದರೆ ವರ್ಷದ ದುಡಿಮೆಯೇ ಹೋದಂತೆ. ಭೀಮಾ ನದಿಯ ದಂಡೆಯಲ್ಲಿ ನೀರಾವರಿ ಇದ್ದಲ್ಲಿ ಕಬ್ಬು ಇದೆ. ಉಳಿದ ಕಡೆ ರಾಶಿ ಮುಗಿದ ಮೇಲೆ ಹೊಲದಲ್ಲಿ ಕೆಲಸ ಇರುವುದಿಲ್ಲ. ಆಗ ಶುರುವಾಗುತ್ತದೆ ಗುಳೆ. ಸೊಲ್ಲಾಪುರ, ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು. ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲೋ ಕಲಬುರಗಿ ಸ್ಟೇಷನ್ನಿನಲ್ಲೋ ಹಾಸಿಗೆ ಗಂಟು, ಜೋಳದ ರೊಟ್ಟಿ ಬುತ್ತಿ ಹಿಡಿದು ರೈಲು ಕಾಯುವ ಕುಟುಂಬಗಳನ್ನು ಈ ಭಾಗದಲ್ಲಿ ನೋಡದವರಿಲ್ಲ.

ಗಲ್ಫ್ ದಾರಿ ಈ ಗುಳೆಯದೇ ಮುಂದುವರಿಕೆ. 1948ರವರೆಗೆ ಈ ನಾಡು ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. ನಂಟಸ್ತಿಕೆ, ವ್ಯಾಪಾರ, ಆಸ್ಪತ್ರೆ, ಓದು ಎಲ್ಲದಕ್ಕೂ ಹೈದರಾಬಾದಿನ ಕಡೆ ಮುಖ ಮಾಡುವ ರೂಢಿ ಈಗಲೂ ಇದೆ. ಆ ನಗರ ಗಲ್ಫ್‌ಗೆ ಜನ ಕಳಿಸುವ ದೊಡ್ಡ ಬಾಗಿಲು. ಓಣಿಯಲ್ಲೊಬ್ಬ ಸೌದಿಯಲ್ಲಿ ಡ್ರೈವರ್ ಆದರೆ ಅವನ ಹಿಂದೆ ಅವನ ತಮ್ಮ, ಮಾವನ ಮಗ, ಗೆಳೆಯ ಹೋಗುತ್ತಾರೆ. ಊರಿಗೆ ಬರುವ ಹಣದಿಂದ ಆರ್‌ಸಿಸಿ ಮನೆ ಏಳುತ್ತದೆ, ತಂಗಿಯ ಲಗ್ನವಾಗುತ್ತದೆ. ಅದನ್ನು ನೋಡಿದ ಹುಡುಗನ ಮೊದಲ ಪ್ರಶ್ನೆ ‘ರೊಕ್ಕ ಎಷ್ಟ ಬರ್ತದ?’ ಎಂದು. ‘ಯಾವ ವೀಸಾ ಅದ?’ ಎಂದು ಕೇಳುವವರು ಕಡಿಮೆ.

ಕೇಳಬೇಕಾದದ್ದು ಆ ಎರಡನೆಯ ಪ್ರಶ್ನೆಯನ್ನೇ.

ಮಾಸ್ಕೋಗೆ ಹೋದ ದಾರಿ

ಕಲಬುರಗಿಯ ಯುವಕರ ಕಥೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅವರು ಪರದೇಶ ಕಾಣದ ಮುಗ್ಧರೇನಲ್ಲ. ಮೊದಲು ದುಬೈನಲ್ಲಿ ದುಡಿದವರು. ಅಲ್ಲಿನ ಸಂಬಳಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ತಿಂಗಳಿಗೆ ಲಕ್ಷಕ್ಕೂ ಮೇಲೆ ಸಿಗುತ್ತದೆ ಎಂಬ ಆಸೆಯನ್ನು ಅವರಿಗೆ ತೋರಿಸಿದ್ದು ಒಂದು ಯೂಟ್ಯೂಬ್ ಚಾನೆಲ್. ಮಾಸ್ಕೋದ ಬೀದಿಯಲ್ಲಿ ನಿಂತು, ಇಲ್ಲಿ ಸೇನೆಯ ಸಹಾಯಕರ ಕೆಲಸ ಇದೆ, ಯುದ್ಧಕ್ಕೆ ಹೋಗಬೇಕಿಲ್ಲ ಎಂದು ಹೇಳುವ ವಿಡಿಯೊ ಅದರಲ್ಲಿತ್ತು. ತಲಾ ಸುಮಾರು 3 ಲಕ್ಷ ರೂಪಾಯಿ ಕೊಟ್ಟು 2023ರ ಕೊನೆಯಲ್ಲಿ ಅವರು ವಿಮಾನ ಹತ್ತಿದರು.

ಪರ್ಮಿಟ್ ಅಲ್ಲಿ ಹೋದ ಮೇಲೆ ಆಗುತ್ತದೆ ಎಂಬುದು ಏಜೆಂಟರ ಮಾತಾಗಿತ್ತು. ಮಾಸ್ಕೋದಲ್ಲಿ ಅವರ ಮುಂದೆ ಬಂದ ಒಪ್ಪಂದ ಪತ್ರ ಪೂರ್ತಿ ರಷ್ಯನ್ ಭಾಷೆಯಲ್ಲಿತ್ತು. ಓದಲು ಬಾರದ ಕಾಗದಕ್ಕೆ ಸಹಿಯಾಯಿತು. ಕೆಲವೇ ದಿನಗಳ ಬಂದೂಕು ತರಬೇತಿಯ ನಂತರ ಅವರನ್ನು ಉಕ್ರೇನ್ ಗಡಿಯತ್ತ ಸಾಗಿಸಲಾಯಿತು. ಕಂದಕ ತೋಡುವುದು, ಮದ್ದುಗುಂಡು ಹೊರುವುದು ದಿನದ ಕೆಲಸವಾಯಿತು. 2024ರ ಫೆಬ್ರುವರಿ 21ರಂದು ಅದೇ ರೀತಿ ಬಂದಿದ್ದ ಸೂರತ್‌ನ 23 ವರ್ಷದ ಯುವಕ ಡ್ರೋನ್ ದಾಳಿಯಲ್ಲಿ ಸತ್ತ. ಮಾರ್ಚ್ ಮೊದಲ ವಾರ ಹೈದರಾಬಾದಿನ ಇನ್ನೊಬ್ಬ ಯುವಕನ ಸಾವಿನ ಸುದ್ದಿ ಬಂತು.

ಪೋಷಕರು ಅಧಿಕಾರಿಗಳ, ಜನಪ್ರತಿನಿಧಿಗಳ ಮನೆ ಬಾಗಿಲು ತಟ್ಟಿದರು. ಹೈದರಾಬಾದ್ ಸಂಸದ ಅಸಾದುದ್ದೀನ್ ಒವೈಸಿ, ಕಲಬುರಗಿ ಜಿಲ್ಲಾ ಉಸ್ತುವಾರಿ ಸಚಿವ ಪ್ರಿಯಾಂಕ್ ಖರ್ಗೆ ವಿಷಯವನ್ನು ಕೇಂದ್ರದ ಮುಂದಿಟ್ಟರು. ಸಿಬಿಐ ಮಾರ್ಚ್ 6ರಂದು ಎಫ್‌ಐಆರ್ ದಾಖಲಿಸಿ, ಮರುದಿನ ದೆಹಲಿ, ಮುಂಬೈ, ಚೆನ್ನೈ, ತಿರುವನಂತಪುರ ಸೇರಿ ಏಳು ನಗರಗಳ 13 ಕಡೆ ಶೋಧ ನಡೆಸಿತು. ಆರೋಪಿಗಳ ಪಟ್ಟಿಯಲ್ಲಿ 17 ವೀಸಾ ಸಲಹಾ ಸಂಸ್ಥೆಗಳಿದ್ದವು. ಜುಲೈ ತಿಂಗಳಲ್ಲಿ ಪ್ರಧಾನಿ ನರೇಂದ್ರ ಮೋದಿ ಮಾಸ್ಕೋಗೆ ಹೋದಾಗ ಅಧ್ಯಕ್ಷ ಪುಟಿನ್ ಅವರೊಂದಿಗೆ ಈ ವಿಷಯ ಎತ್ತಿದರು. ಅದರ ನಂತರವೇ ಬಿಡುಗಡೆಗೆ ದಾರಿಯಾಗಿ, ಸೆಪ್ಟೆಂಬರ್‌ನಲ್ಲಿ ಕಲಬುರಗಿಯ ಮೂವರೂ ನಾರಾಯಣಪೇಟೆಯವನೂ ಮನೆ ಸೇರಿದರು.

ಅವರು ಅದೃಷ್ಟವಂತರು. ವಿದೇಶಾಂಗ ಸಚಿವಾಲಯ 2025ರ ಜನವರಿಯಲ್ಲಿ ಕೊಟ್ಟ ಲೆಕ್ಕ ಹೀಗಿದೆ: ರಷ್ಯಾ ಸೇನೆಗೆ ಸೇರಿದ ಭಾರತೀಯರ ಪ್ರಕರಣ 126, ಮರಳಿದವರು 96, ಸತ್ತವರು 12, ಕಾಣೆಯಾದವರು 16. ನಾಲ್ವರು ಸಾಮಾನ್ಯ ದುಡಿಮೆಗಾರರನ್ನು ಬಿಡಿಸಲು ಎರಡು ದೇಶಗಳ ಮುಖ್ಯಸ್ಥರು ಮಾತಾಡಬೇಕಾಯಿತು ಎಂಬುದೇ ಪರ್ಮಿಟ್ ಇಲ್ಲದೆ ಹೋಗುವುದರ ಅಪಾಯ ಎಷ್ಟು ದೊಡ್ಡದು ಎಂದು ತೋರಿಸುತ್ತದೆ.

ವಿಸಿಟ್ ವೀಸಾ, ಆಜಾದ್ ವೀಸಾ

ರಷ್ಯಾದ ಪ್ರಕರಣ ಯುದ್ಧದಿಂದಾಗಿ ದೊಡ್ಡ ಸುದ್ದಿಯಾಯಿತು. ಗಲ್ಫ್‌ನಲ್ಲಿ ಇದೇ ದಾರಿ ಸದ್ದಿಲ್ಲದೆ ನಡೆಯುತ್ತದೆ. ಏಜೆಂಟ ಒಂದು ಅಥವಾ ಎರಡು ತಿಂಗಳ ವಿಸಿಟ್ ವೀಸಾ ಕೊಡಿಸುತ್ತಾನೆ. ‘ಅಲ್ಲಿ ಇಳಿದು ಕೆಲಸ ಹುಡುಕು, ಆಮೇಲೆ ವೀಸಾ ಬದಲಿ ಮಾಡಿಸೋಣ’ ಎನ್ನುತ್ತಾನೆ. ಯುಎಇಯಂಥ ದೇಶದಲ್ಲಿ ಹಾಗೆ ಬದಲಿಸಲು ಅವಕಾಶ ಇರುವುದು ನಿಜ. ಅದಕ್ಕೆ ನೋಂದಾಯಿತ ಕಂಪನಿಯೊಂದು ಕೆಲಸ ಕೊಟ್ಟು, ತಾನೇ ಅರ್ಜಿ ಹಾಕಿ ಪರ್ಮಿಟ್ ಮಾಡಿಸಬೇಕು. ಬರೀ ಕೈಕೆಲಸ ಬಲ್ಲವನಿಗೆ, ಇಂಗ್ಲಿಷೂ ಅರಬ್ಬಿಯೂ ಬಾರದವನಿಗೆ ಎರಡು ತಿಂಗಳಲ್ಲಿ ಅಂಥ ಕಂಪನಿ ಸಿಗುವುದು ಕಷ್ಟ. ಸುಲಭವಾಗಿ ಸಿಗುವುದು ದಿನಗೂಲಿ. ಕಟ್ಟಡದ ಹೆಲ್ಪರ್, ಕ್ಲೀನಿಂಗ್, ಲೋಡಿಂಗ್. ಕೊಡುವವನಿಗೂ ಇದು ಕಾನೂನುಬಾಹಿರ ಎಂದು ಗೊತ್ತು. ಆದ್ದರಿಂದಲೇ ಸಂಬಳ ತಡೆದರೂ ಕೂಲಿಯವನು ದೂರು ಕೊಡಲಾರ ಎಂಬುದೂ ಗೊತ್ತು.

ವೀಸಾ ಅವಧಿ ಮುಗಿದ ದಿನದಿಂದ ದಂಡದ ಮೀಟರ್ ಓಡುತ್ತದೆ. ಯುಎಇಯಲ್ಲಿ ಅದು ದಿನಕ್ಕೆ 50 ದಿರ್ಹಂ. ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಗೂ ಮೇಲೆ. ಆರು ತಿಂಗಳು ಕಳೆದರೆ ಮರಳಿ ಬರುವ ಟಿಕೆಟ್ಟಿಗಿಂತ ದಂಡವೇ ಅನೇಕ ಪಟ್ಟು ಆಗಿರುತ್ತದೆ. ಆಗ ವಿಮಾನ ನಿಲ್ದಾಣಕ್ಕೂ ಹೋಗುವಂತಿಲ್ಲ, ಆಸ್ಪತ್ರೆಗೂ ಹೋಗುವಂತಿಲ್ಲ. 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ಯುಎಇ ಸರ್ಕಾರ ಇಂಥವರಿಗೆ ದಂಡ ಮನ್ನಾ ಮಾಡಿ ಹೊರಹೋಗಲು ಅವಕಾಶ ಕೊಟ್ಟಿತ್ತು. ಆದರೆ ಅಂಥ ಮಾಫಿ ಪ್ರತಿ ವರ್ಷ ಬರುವುದಿಲ್ಲ. ಅದೇ ವರ್ಷ ಆ ದೇಶ ಕಾನೂನನ್ನು ಬಿಗಿ ಮಾಡಿ, ಪರ್ಮಿಟ್ ಇಲ್ಲದವರನ್ನು ದುಡಿಸಿಕೊಳ್ಳುವ ಮಾಲೀಕರಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡ ವಿಧಿಸುವುದಾಗಿ ಸಾರಿತು. ಅಂದರೆ ಕದ್ದುಮುಚ್ಚಿ ಸಿಗುತ್ತಿದ್ದ ಕೂಲಿಯೂ ಕಡಿಮೆಯಾಗುತ್ತದೆ.

‘ಆಜಾದ್ ವೀಸಾ’ ಎಂಬ ಇನ್ನೊಂದು ಮಾತು ಈ ಭಾಗದಲ್ಲಿ ಚಾಲ್ತಿಯಲ್ಲಿದೆ. ಹೆಸರು ಕೇಳಿದರೆ ಎಲ್ಲಿ ಬೇಕಾದರೂ ದುಡಿಯಬಹುದು ಎನಿಸುತ್ತದೆ. ಯಾವ ಸರ್ಕಾರವೂ ಅಂಥ ವೀಸಾ ಕೊಡುವುದಿಲ್ಲ. ಒಬ್ಬ ಕಫೀಲ, ಅಂದರೆ ಪ್ರಾಯೋಜಕ ಮಾಲೀಕ, ತನ್ನ ಹೆಸರಿನಲ್ಲಿ ವೀಸಾ ಮಾಡಿಸಿ, ರೊಕ್ಕ ತೆಗೆದುಕೊಂಡು, ಹೊರಗೆ ಎಲ್ಲಾದರೂ ದುಡಿದುಕೋ ಎಂದು ಬಿಡುತ್ತಾನೆ. ಕಾಗದದಲ್ಲಿ ಕೆಲಸ ಅವನಲ್ಲಿ, ನಿಜದ ಕೆಲಸ ಇನ್ನೊಬ್ಬನಲ್ಲಿ. ಕಫೀಲನಿಗೆ ವರ್ಷ ವರ್ಷ ಹಣ ಕೊಡದಿದ್ದರೆ ಅವನು ಕಾರ್ಮಿಕ ಓಡಿಹೋಗಿದ್ದಾನೆ ಎಂದು ಅಧಿಕಾರಿಗಳಿಗೆ ವರದಿ ಮಾಡಬಹುದು. ಸೌದಿಯಲ್ಲಿ ಇದಕ್ಕೆ ‘ಹುರೂಬ್’ ಎನ್ನುತ್ತಾರೆ. ಹುರೂಬ್ ಬಿದ್ದ ಮೇಲೆ ಇಕಾಮಾ, ಅಂದರೆ ವಾಸದ ಪರವಾನಗಿ ಕಾರ್ಡ್, ಕೈಯಲ್ಲಿದ್ದೂ ಉಪಯೋಗವಿಲ್ಲ. ಸಿಕ್ಕರೆ ಜೈಲು, ನಂತರ ಗಡಿಪಾರು.

ಈಚೆಗೆ ಆಗ್ನೇಯ ಏಷ್ಯಾದ ದಾರಿಯೂ ಸೇರಿಕೊಂಡಿದೆ. ಭಾರತೀಯರಿಗೆ ವೀಸಾ ಇಲ್ಲದೆ ಬರಲು ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ ಅವಕಾಶ ಕೊಟ್ಟ ಮೇಲೆ, ‘ಡೇಟಾ ಎಂಟ್ರಿ’, ‘ಕಸ್ಟಮರ್ ಕೇರ್’ ಎಂದು ಹೇಳಿ ಬ್ಯಾಂಕಾಕ್‌ಗೆ ಕರೆಸಿ, ಅಲ್ಲಿಂದ ಮ್ಯಾನ್ಮಾರ್ ಗಡಿಯೊಳಗೆ ಸಾಗಿಸಿ, ಸೈಬರ್ ವಂಚನೆಯ ಕೆಲಸಕ್ಕೆ ಕೂರಿಸುವ ಜಾಲಗಳಿಗೆ ದಾರಿ ಸಲೀಸಾಯಿತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ಎರಡು ವಿಮಾನಗಳಲ್ಲಿ 549 ಭಾರತೀಯರನ್ನು ಅಲ್ಲಿಂದ ಕರೆತರಬೇಕಾಯಿತು.

ಪಟ್ಟಿಯಲ್ಲಿ ಹೆಸರಿಲ್ಲದವರ ಪಾಡು ಕರ್ನಾಟಕಕ್ಕೆ 2023ರಲ್ಲೇ ತಿಳಿದಿತ್ತು. ಆ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ, ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಹೋಗಿದ್ದ ಮೈಸೂರು, ಶಿವಮೊಗ್ಗ, ದಾವಣಗೆರೆ ಕಡೆಯ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಲುಕಿದರು. ಯಾರು, ಎಷ್ಟು ಜನ, ಯಾವ ಊರಿನಲ್ಲಿದ್ದಾರೆ ಎಂಬ ಮಾಹಿತಿಯನ್ನು ಮನೆಯವರಿಂದ ಕೇಳಿ ಕೂಡಿಸಬೇಕಾಯಿತು. ‘ಆಪರೇಷನ್ ಕಾವೇರಿ’ ಹೆಸರಿನ ಕಾರ್ಯಾಚರಣೆ ಅವರನ್ನೂ ಸೇರಿಸಿ ಸಾವಿರಾರು ಭಾರತೀಯರನ್ನು ಮರಳಿ ತಂದಿತು.

ಪಾಸ್‌ಪೋರ್ಟಿನ ಆ ಒಂದು ಮುದ್ರೆ

ಸರಿಯಾದ ದಾರಿ ಯಾವುದು? ಅದನ್ನು ತಿಳಿಯಲು ಪಾಸ್‌ಪೋರ್ಟ್ ತೆರೆದು ನೋಡಬೇಕು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’ ಎಂಬ ಮುದ್ರೆ ಇರುತ್ತದೆ. ದುಡಿಯಲು ಹೊರಡುವ ಮುನ್ನ ಸರ್ಕಾರದ ವಲಸೆ ಅನುಮತಿ ಬೇಕು ಎಂಬುದು ಇದರ ಅರ್ಥ. ಸೌದಿ ಅರೇಬಿಯಾ, ಯುಎಇ, ಕುವೈತ್, ಕತಾರ್, ಒಮಾನ್, ಬಹರೇನ್, ಇರಾಕ್, ಮಲೇಷ್ಯಾ ಸೇರಿ 18 ದೇಶಗಳಿಗೆ ಇದು ಅನ್ವಯಿಸುತ್ತದೆ. ಇದನ್ನು ಅಡ್ಡಿ ಎಂದು ಭಾವಿಸುವವರೇ ಹೆಚ್ಚು. ಆದರೆ 1983ರ ವಲಸೆ ಕಾಯ್ದೆ ಈ ವ್ಯವಸ್ಥೆ ಮಾಡಿದ್ದು ಓದು ಕಡಿಮೆ ಇರುವವರ ರಕ್ಷಣೆಗಾಗಿ. ಅನುಮತಿ ಕೊಡುವ ಮೊದಲು ಕೆಲಸದ ಒಪ್ಪಂದ, ಸಂಬಳ, ಮಾಲೀಕನ ವಿವರ ಎಲ್ಲವನ್ನೂ ಅಧಿಕಾರಿ ನೋಡುತ್ತಾನೆ.

ವಿಸಿಟ್ ವೀಸಾದ ಗುಟ್ಟು ಇಲ್ಲಿದೆ. ಪ್ರವಾಸಿಗನಿಗೆ ಈ ಅನುಮತಿ ಬೇಕಿಲ್ಲ. ಕಾರ್ಮಿಕನನ್ನು ಪ್ರವಾಸಿಗ ಎಂದು ತೋರಿಸಿಬಿಟ್ಟರೆ ಏಜೆಂಟನಿಗೆ ಒಪ್ಪಂದ ತೋರಿಸುವ ಕಷ್ಟವಿಲ್ಲ, ಮಾಲೀಕನ ಹೆಸರು ಬರೆಯುವ ಹೊಣೆಯಿಲ್ಲ. ಸುಲಭವಾಗುವುದು ಏಜೆಂಟನ ಕೆಲಸ. ಕಳೆದುಕೊಳ್ಳುವವನು ಕಾರ್ಮಿಕ. ವಲಸೆ ಅನುಮತಿಯ ಜೊತೆ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯನ್ನೇ ನೋಡಿ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ ರೂಪಾಯಿ ವಿಮೆ. ಪ್ರವಾಸಿಗನ ಹೆಸರಿನಲ್ಲಿ ಹೋದವನಿಗೆ ಇದು ಸಿಗುವುದಿಲ್ಲ.

ಹಣದ ಲೆಕ್ಕವೂ ಹೇಳಬೇಕಾದದ್ದೇ. ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡ ಏಜೆಂಟ ಒಬ್ಬ ಕಾರ್ಮಿಕನಿಂದ ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30 ಸಾವಿರ ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ 35,400 ರೂಪಾಯಿ. ಅದಕ್ಕೆ ರಸೀದಿ ಕೊಡಲೇಬೇಕು. ರಷ್ಯಾಕ್ಕೆ ಹೋದವರು ಕೊಟ್ಟದ್ದು ಇದರ ಎಂಟು ಪಟ್ಟಿಗೂ ಹೆಚ್ಚು. ಅಷ್ಟು ಹಣ ಮನೆಯಲ್ಲಿ ಇರುವುದಿಲ್ಲ. ಹೊಲ ಅಡ ಇಟ್ಟೋ, ಬಂಗಾರ ಒತ್ತೆ ಇಟ್ಟೋ, ಕೈಗಡ ತಂದೋ ಕೂಡಿಸುತ್ತಾರೆ. ನೂರಕ್ಕೆ ಮೂರು ರೂಪಾಯಿ ಬಡ್ಡಿಯಲ್ಲಿ 3 ಲಕ್ಷ ತಂದರೆ ತಿಂಗಳಿಗೆ ಬಡ್ಡಿಯೇ 9 ಸಾವಿರ, ವರ್ಷಕ್ಕೆ 1 ಲಕ್ಷ 8 ಸಾವಿರ. ಹೋದ ಹುಡುಗನಿಗೆ ಮೋಸವಾಗಿದೆ ಎಂದು ತಿಳಿದ ಮೇಲೂ ಮರಳಿ ಬರಲು ಹಿಂಜರಿಯುವುದು ಈ ಸಾಲದ ಅಂಜಿಕೆಗೆ. ಊರಿನಲ್ಲಿ ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಂತಿರುತ್ತಾನೆ.

ಊರಿನ ಏಜೆಂಟ ಯಾರು ಎಂಬುದನ್ನೂ ಬಿಡಿಸಿ ನೋಡಬೇಕು. ಆತ ಬಹುತೇಕ ಗುರುತಿನವನೇ. ಗಲ್ಫ್‌ನಿಂದ ಮರಳಿದವನು, ಮೊಬೈಲ್ ಅಂಗಡಿಯವನು, ದೂರದ ನಂಟ. ಆತ ಹೈದರಾಬಾದಿನ ಅಥವಾ ಮುಂಬೈನ ಏಜೆಂಟನ ಕೈಕೆಳಗೆ ಕಮಿಷನ್ನಿಗೆ ದುಡಿಯುವವನು. ನಮ್ಮ ಕಾನೂನು ಇಂಥ ಉಪ ಏಜೆಂಟರನ್ನು ಒಪ್ಪುವುದಿಲ್ಲ. ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯೂ, ಅಕ್ರಮ ಎಂದು ಗುರುತಿಸಿದ ಮೂರು ಸಾವಿರಕ್ಕೂ ಹೆಚ್ಚು ಏಜೆಂಟರ ಪಟ್ಟಿಯೂ ಇವೆ. ಆದರೆ 1983ರ ಹಳೆಯ ಕಾಯ್ದೆಯಲ್ಲಿರುವ ಶಿಕ್ಷೆ ಎರಡು ವರ್ಷದವರೆಗಿನ ಜೈಲು ಮತ್ತು 2 ಸಾವಿರ ರೂಪಾಯಿವರೆಗಿನ ದಂಡ. ಒಬ್ಬೊಬ್ಬರಿಂದ 3 ಲಕ್ಷ ಎತ್ತುವವನಿಗೆ 2 ಸಾವಿರದ ದಂಡ ಯಾವ ಲೆಕ್ಕ? ಈ ಕಾಯ್ದೆಯ ಬದಲಿಗೆ ಹೊಸ ಮಸೂದೆಯ ಕರಡನ್ನು ಕೇಂದ್ರ 2025ರಲ್ಲಿ ಸಾರ್ವಜನಿಕರ ಮುಂದಿಟ್ಟಿತು. ಅದು ಕಾನೂನಾಗುವಾಗ ಏಜೆಂಟನಿಗೆ ಅಂಜಿಕೆ ಹುಟ್ಟಿಸುವ ಶಿಕ್ಷೆ ಇರಲೇಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ನಿಯಮ ಇನ್ನೂ ಬಿಗಿಯಾಗಿದೆ. ಇಸಿಆರ್ ಪಾಸ್‌ಪೋರ್ಟ್ ಇರುವ ಮಹಿಳೆ ಈ 18 ದೇಶಗಳಿಗೆ ಮನೆಗೆಲಸಕ್ಕೆ ಹೋಗಬೇಕಾದರೆ 30 ವರ್ಷ ತುಂಬಿರಬೇಕು, ಸರ್ಕಾರಿ ಸಂಸ್ಥೆಗಳ ಮೂಲಕವೇ ಹೋಗಬೇಕು. ಖಾಸಗಿ ಏಜೆಂಟ ಅವರನ್ನು ವಿಸಿಟ್ ವೀಸಾ ಮೇಲೆ ಕಳಿಸುತ್ತೇನೆ ಎಂದರೆ ಅಲ್ಲಿಯೇ ಮಾತು ನಿಲ್ಲಿಸಬೇಕು. ಮನೆಯ ನಾಲ್ಕು ಗೋಡೆಯ ಒಳಗೆ ದುಡಿಯುವವರಿಗೆ ಒಪ್ಪಂದವಿಲ್ಲದಿದ್ದರೆ ಹೊರಗಿನ ಯಾರೂ ಸಾಕ್ಷಿ ಇರುವುದಿಲ್ಲ.

ಇಲ್ಲಿಯೇ ಇರುವ ಬಾಗಿಲುಗಳು

ಕಾನೂನಿನ ದಾರಿ ಕಲಬುರಗಿಯವರಿಗೆ ನಿಲುಕದಷ್ಟು ದೂರವೂ ಇಲ್ಲ. ಕರ್ನಾಟಕ ಸರ್ಕಾರದ ವೃತ್ತಿ ತರಬೇತಿ ಮತ್ತು ಕೌಶಲ್ಯ ಅಭಿವೃದ್ಧಿ ನಿಗಮ ಪರದೇಶದ ಉದ್ಯೋಗಕ್ಕೆ ಜನರನ್ನು ಕಳಿಸಲು ಪರವಾನಗಿ ಪಡೆದ ಸಂಸ್ಥೆ. ಕತಾರ್‌ಗೆ ಹೋಗುವವರಿಗೆ ಹೈದರಾಬಾದ್, ಮುಂಬೈ, ಚೆನ್ನೈ ಮೊದಲಾದ ನಗರಗಳಲ್ಲಿ ಆ ದೇಶದ ವೀಸಾ ಕೇಂದ್ರಗಳಿವೆ. ವೈದ್ಯಕೀಯ ತಪಾಸಣೆ, ಬೆರಳಚ್ಚು, ಒಪ್ಪಂದಕ್ಕೆ ಸಹಿ ಎಲ್ಲವೂ ವಿಮಾನ ಹತ್ತುವ ಮೊದಲೇ ಇಲ್ಲಿ ಆಗುತ್ತವೆ. ಓದಲಾಗದ ಕಾಗದಕ್ಕೆ ಪರನಾಡಿನಲ್ಲಿ ಸಹಿ ಹಾಕುವ ಸಂಕಟ ಇದರಿಂದ ತಪ್ಪುತ್ತದೆ. ಕಾರ್ಮಿಕನಿಂದ ನೇಮಕಾತಿ ವೆಚ್ಚ ವಸೂಲು ಮಾಡುವುದನ್ನು ಯುಎಇಯ ಕಾರ್ಮಿಕ ಕಾನೂನೇ ನಿಷೇಧಿಸಿದೆ. ವೀಸಾದ ರೊಕ್ಕ ಎಂದು ಮಾಲೀಕನ ಹೆಸರಿನಲ್ಲಿ ಯಾರಾದರೂ ಕೇಳಿದರೆ ಆ ಮಾತನ್ನು ನಂಬಬೇಕಿಲ್ಲ.

ಕೌಶಲದ ಮಾತೂ ಇದರೊಳಗೆ ಬರುತ್ತದೆ. ಬರೀ ಹೆಲ್ಪರ್ ಆಗಿ ಹೋಗುವವನಿಗೂ, ವೆಲ್ಡರ್, ಎಲೆಕ್ಟ್ರಿಷಿಯನ್, ಭಾರಿ ವಾಹನದ ಡ್ರೈವರ್ ಆಗಿ ಹೋಗುವವನಿಗೂ ಸಂಬಳದಲ್ಲಿ ಮಾತ್ರ ವ್ಯತ್ಯಾಸವಲ್ಲ. ಕೈಯಲ್ಲಿ ಐಟಿಐ ಪ್ರಮಾಣಪತ್ರ ಇದ್ದವನಿಗಾಗಿ ಕಂಪನಿಯೇ ಪರ್ಮಿಟ್ ಮಾಡಿಸುವ ಸಾಧ್ಯತೆ ಹೆಚ್ಚು. ಹೆಲ್ಪರ್‌ಗೆ ಬದಲಿ ಜನ ಸುಲಭವಾಗಿ ಸಿಗುವುದರಿಂದ ಅವನಿಗಾಗಿ ಖರ್ಚು ಮಾಡಲು ಮಾಲೀಕ ಮುಂದೆ ಬರುವುದು ಕಡಿಮೆ. ಹತ್ತನೇ ತರಗತಿ ಪಾಸು ಮಾಡುವುದು, ಒಂದು ಟ್ರೇಡ್ ಕಲಿಯುವುದು ಪರದೇಶಕ್ಕೆ ಹೋಗುವ ಹುಡುಗನಿಗೆ ಏಜೆಂಟನಿಗೆ ಕೊಡುವ ಮೂರು ಲಕ್ಷಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. 371ಜೆ ವಿಧಿಯ ವಿಶೇಷ ಸ್ಥಾನಮಾನ ಪಡೆದ ಈ ಭಾಗದ ಪ್ರತಿ ತಾಲ್ಲೂಕಿನಲ್ಲಿ ಪರದೇಶಕ್ಕೆ ಹೊರಟವರ ಕಾಗದ ಪರೀಕ್ಷಿಸಿ, ಕನ್ನಡದಲ್ಲೂ ಉರ್ದುವಿನಲ್ಲೂ ತಿಳಿಸಿ ಹೇಳುವ ಒಂದು ಕೌಂಟರ್ ಇರಬೇಕೆಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ಕೇರಳ ಸರ್ಕಾರದ ಸಂಸ್ಥೆಯಾದ ನೋರ್ಕಾ ರೂಟ್ಸ್ ಅಂಥ ಕೆಲಸವನ್ನು ವರ್ಷಗಳಿಂದ ಮಾಡುತ್ತಿದೆ.

ಅದು ಬರುವವರೆಗೆ ಮನೆಯವರೇ ಎಚ್ಚರವಿರಬೇಕು. ಮಗನೋ ತಮ್ಮನೋ ಹೊರಟು ನಿಂತಿದ್ದರೆ ವೀಸಾ ಕಾಗದವನ್ನು ಓದಬಲ್ಲವರ ಕೈಯಲ್ಲಿ ಓದಿಸಿ. ಅದರಲ್ಲಿ ‘ವಿಸಿಟ್’ ಅಥವಾ ‘ಟೂರಿಸ್ಟ್’ ಎಂದಿದ್ದರೆ ಅದು ದುಡಿಯುವ ವೀಸಾ ಅಲ್ಲ. ಏಜೆಂಟನ ನೋಂದಣಿ ಸಂಖ್ಯೆ ಕೇಳಿ, ಇ-ಮೈಗ್ರೇಟ್‌ನಲ್ಲಿ ನೋಡಿ. ಪಾಸ್‌ಪೋರ್ಟ್, ವೀಸಾ, ಒಪ್ಪಂದದ ಒಂದೊಂದು ಪ್ರತಿ ಮನೆಯಲ್ಲಿ ಉಳಿಯಲಿ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಹಾಯವಾಣಿ 1800 11 3090. ರೊಕ್ಕ ಎಣಿಸಿ ಕೊಡುವ ಮೊದಲು ಆ ಸಂಖ್ಯೆಗೆ ಒಮ್ಮೆ ಫೋನ್ ಮಾಡಿ.